ಪೇಟೆಯ ದಾರಿ ಅಳೆದ ಪ್ರೊ. ಧನಂಜಯರಾವ್ ಗಾಡ್ಗೀಳ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಸಹಕಾರಿ ಧುರೀಣರೊಬ್ಬರ ಜೀವನದ ಬಗ್ಗೆ ಒಂದು ಲೇಖನ ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯವರು ನನಗೆ ಹೇಳಿದರು. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಒಕ್ಕಲುತನಕ್ಕೆ ನಿಂತವನು. ಪೆನ್ನು ಹಿಡಿದು ರೂಢಿ ಇಲ್ಲ. ತಪ್ಪು ಒಪ್ಪು ಇದ್ದರೆ ಸದಸ್ಯ ಬಾಂಧವರು ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು.

ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಂಘ ಕಟ್ಟಿದ ಕಥೆ ನಮ್ಮೆಲ್ಲರಿಗೂ ಗೊತ್ತು. ಅವರ ಫೋಟೋ ನಮ್ಮ ಸಂಘದ ಗೋಡೆಯ ಮೇಲೆಯೇ ಇದೆ. ಸಹಕಾರಿ ಸಪ್ತಾಹ ಬಂತೆಂದರೆ ಅವರ ಮೇಲೆ ಭಾಷಣ ಆಗಿಯೇ ಆಗುತ್ತದೆ. ಅದಕ್ಕೇ ನಾನು ನಮ್ಮ ಊರಲ್ಲಿ ಅಷ್ಟು ಹೆಸರು ಕೇಳದ, ಆದರೆ ನಮ್ಮ ಸಂಘದ ಕೆಲಸಕ್ಕೆ ಬಹಳ ಹತ್ತಿರದ ಒಬ್ಬ ದೊಡ್ಡ ಮನುಷ್ಯನ ಬಗ್ಗೆ ಬರೆಯುತ್ತೇನೆ. ಅವರೇ ಪುಣೆಯ ಪ್ರೊಫೆಸರ್ ಧನಂಜಯ ರಾಮಚಂದ್ರ ಗಾಡ್ಗೀಳರು.

ಇವರ ಹೆಸರು ನನಗೆ ಹೇಗೆ ಗೊತ್ತಾಯಿತು ಅಂದರೆ ಅದಕ್ಕೂ ಒಂದು ಕಾರಣ ಇದೆ. ಕೆಲವು ವರ್ಷಗಳ ಹಿಂದೆ ನಾನು ಅರವತ್ತು ಚೀಲ ಉಳ್ಳಾಗಡ್ಡಿ ಹೇರಿಕೊಂಡು ದೂರದ ಒಂದು ಪೇಟೆಗೆ ಹೋಗಿದ್ದೆ. ಹಿಂದಿನ ವಾರ ಅಲ್ಲಿ ರೇಟು ಚಲೋ ಇತ್ತು. ನಾನು ಹೋದ ದಿನ ಬಿದ್ದುಹೋಯಿತು. ಕೈಗೆ ಪಟ್ಟಿ ಬಂದಾಗ ಲಾರಿ ಬಾಡಿಗೆ, ಹಮಾಲಿ, ಚೀಲದ ರೊಕ್ಕ, ತೂಕದ ಖರ್ಚು, ಮೊದಲು ತಂದಿದ್ದ ಮುಂಗಡ ಎಲ್ಲ ಮುರಿದು ಉಳಿದದ್ದು ನಾನು ಬಸ್ಸಿಗೆ ಊರು ಮುಟ್ಟುವಷ್ಟು ಮಾತ್ರ. ಅವತ್ತು ರಾತ್ರಿ ಬಸ್ಸಿನಲ್ಲಿ ಕುಳಿತು, ತಿನ್ನುವವರು ಕೊಟ್ಟ ರೂಪಾಯಿ ದಾರಿಯಲ್ಲಿ ಎಲ್ಲೆಲ್ಲಿ ಉದುರಿತು ಎಂದು ಲೆಕ್ಕ ಹಾಕಿದೆ. ಬಗೆಹರಿಯಲಿಲ್ಲ.

ಮುಂದೆ ನಾನು ನಿರ್ದೇಶಕನಾದ ಮೇಲೆ ನಮ್ಮ ಮಂಡಳಿ ಮಹಾರಾಷ್ಟ್ರಕ್ಕೆ ಅಧ್ಯಯನ ಪ್ರವಾಸ ಹೋಯಿತು. ಶಿರಡಿಗೆ ಹೋಗಿ, ಅಲ್ಲಿಂದ ಹತ್ತಿರದ ಪ್ರವರಾನಗರದ ಸಕ್ಕರೆ ಕಾರ್ಖಾನೆ ನೋಡಿದೆವು. ಅಲ್ಲಿ ವಿಠ್ಠಲರಾವ್ ವಿಖೆ ಪಾಟೀಲರ ಹೆಸರಿನ ಜೊತೆಗೆ ಗಾಡ್ಗೀಳ ಎಂಬ ಹೆಸರೂ ಕಿವಿಗೆ ಬಿತ್ತು. ಒಬ್ಬ ಕಾಲೇಜು ಪ್ರೊಫೆಸರ್ ರೈತರ ಕಾರ್ಖಾನೆಗೆ ಅಧ್ಯಕ್ಷ ಆಗಿದ್ದರು ಅಂದಾಗ ನನಗೆ ಆಶ್ಚರ್ಯವಾಯಿತು. ಆಮೇಲೆ ಸಹಕಾರ ತರಬೇತಿಯಲ್ಲಿ ಕೇಳಿದ್ದು, ಪುಸ್ತಕಗಳಲ್ಲಿ ಓದಿದ್ದು ಎಲ್ಲ ಕೂಡಿಸಿ ಇಲ್ಲಿ ಬರೆದಿದ್ದೇನೆ.

ಹುಟ್ಟು ಮತ್ತು ಓದು

ಗಾಡ್ಗೀಳರು ಹುಟ್ಟಿದ್ದು 1901ನೇ ಇಸವಿ ಏಪ್ರಿಲ್ 10ರಂದು, ನಾಸಿಕದಲ್ಲಿ. ಶಾಲೆ ಕಲಿತದ್ದು ನಾಗಪುರದಲ್ಲಿ. ಮುಂದೆ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಹೋಗಿ ಅರ್ಥಶಾಸ್ತ್ರ ಓದಿದರು. ಇಂಡಿಯಾದ ಕೈಗಾರಿಕೆಗಳು ಹೇಗೆ ಬದಲಾದವು ಎಂಬುದರ ಮೇಲೆ ಅಲ್ಲಿ ಬರೆದ ಪ್ರಬಂಧ 1924ರಲ್ಲಿ ಪುಸ್ತಕವಾಗಿ ಬಂತು. ಆಗ ಅವರಿಗೆ ಇನ್ನೂ ಇಪ್ಪತ್ಮೂರು ವರ್ಷ. ಆ ಪುಸ್ತಕ ಹಲವು ಸಲ ಮರುಮುದ್ರಣವಾಗಿ, ಕಾಲೇಜು ಹುಡುಗರ ಕೈಯಲ್ಲಿ ಬಹಳ ವರ್ಷ ಓಡಾಡಿತು.

ತಿರುಗಿ ಬಂದ ಮೇಲೆ ಸ್ವಲ್ಪ ದಿನ ಮುಂಬಯಿ ಸರಕಾರದ ಹಣಕಾಸು ಖಾತೆಯಲ್ಲಿ ಕೆಲಸ ಮಾಡಿದರು. 1925ರಿಂದ 1930ರವರೆಗೆ ಸೂರತ್ತಿನ ಕಾಲೇಜೊಂದರ ಪ್ರಿನ್ಸಿಪಾಲರಾಗಿದ್ದರು. ಅಷ್ಟು ಓದಿದವರು ಆ ಕಾಲದಲ್ಲಿ ದೊಡ್ಡ ಸರಕಾರಿ ಹುದ್ದೆಯಲ್ಲಿ ಸುಖವಾಗಿ ಇರಬಹುದಿತ್ತು. ಆದರೆ ಅವರ ಮನಸ್ಸು ಬೇರೆ ಕಡೆ ಇತ್ತು.

ಸಾತಾರೆಯ ರಾವ್ ಬಹದ್ದೂರ್ ಆರ್.ಆರ್. ಕಾಳೆ ಎಂಬವರು ಕೊಟ್ಟ ದಾನದಿಂದ ಪುಣೆಯಲ್ಲಿ 1930ರಲ್ಲಿ ಗೋಖಲೆ ಅರ್ಥಶಾಸ್ತ್ರ ಸಂಸ್ಥೆ ಶುರುವಾಯಿತು. ಗೋಪಾಲಕೃಷ್ಣ ಗೋಖಲೆಯವರ ಹೆಸರಿನ ಸಂಸ್ಥೆ ಅದು. ಅದಕ್ಕೆ ಗಾಡ್ಗೀಳರು ಮೊದಲ ನಿರ್ದೇಶಕರಾಗಿ ಬಂದರು. ಬಂದವರು 1966ರವರೆಗೆ, ಅಂದರೆ ಮೂವತ್ತಾರು ವರ್ಷ ಅಲ್ಲೇ ಉಳಿದರು.

ಪೇಟೆಗೆ ಇಳಿದ ಪಂಡಿತರು

ಆ ಕಾಲದಲ್ಲಿ ಅರ್ಥಶಾಸ್ತ್ರ ಅಂದರೆ ವಿಲಾಯತಿ ಪುಸ್ತಕ ಓದಿ ಪಾಠ ಹೇಳುವುದು. ಹಳ್ಳಿಯ ಮಾಲು ಪೇಟೆಗೆ ಹೇಗೆ ಹೋಗುತ್ತದೆ, ದಾರಿಯಲ್ಲಿ ಯಾರು ಎಷ್ಟು ತೆಗೆದುಕೊಳ್ಳುತ್ತಾರೆ ಎಂದು ಕೂತು ಬರೆದವರು ಕಡಿಮೆ. ಗಾಡ್ಗೀಳರು ಆ ಕೆಲಸಕ್ಕೆ ಕೈ ಹಾಕಿದರು. 1933ರಲ್ಲಿ ಅವರ ಸಂಸ್ಥೆಯಿಂದ ಬಂದ ಮೊದಮೊದಲ ಪುಸ್ತಕಗಳಲ್ಲಿ ಒಂದು, ಪುಣೆ ಪೇಟೆಯಲ್ಲಿ ಹಣ್ಣಿನ ಮಾರಾಟ ಹೇಗೆ ನಡೆಯುತ್ತದೆ ಎಂಬುದರ ಸಮೀಕ್ಷೆ. ದೇಶದ ಸ್ವಾತಂತ್ರ್ಯದ ಗದ್ದಲ ಎದ್ದಿದ್ದ ಕಾಲದಲ್ಲಿ ಒಬ್ಬ ಕೇಂಬ್ರಿಜ್ ಪಂಡಿತ ಹಣ್ಣಿನ ಪೇಟೆಯ ಮೇಲೆ ಪುಸ್ತಕ ಬರೆದ ಅಂದರೆ ನಗುವವರೂ ಇದ್ದಿರಬಹುದು. ಆದರೆ ರೈತನಿಗೆ ಅದೇ ದೊಡ್ಡ ಪ್ರಶ್ನೆ.

ಇಂಥ ಸಮೀಕ್ಷೆ ಮಾಡುವ ಕ್ರಮವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮೊದಲು ಒಂದು ಮಾಲನ್ನು ಹಿಡಿದುಕೊಳ್ಳುವುದು. ಅದು ಗಿಡದಿಂದ ಇಳಿದ ಗಳಿಗೆಯಿಂದ ತಿನ್ನುವವರ ಕೈ ಸೇರುವವರೆಗೆ ಅದರ ಬೆನ್ನು ಹತ್ತುವುದು. ಕೀಳುವ ಕೂಲಿ ಎಷ್ಟು, ಬುಟ್ಟಿಗೆ ಎಷ್ಟು, ಗಾಡಿ ಬಾಡಿಗೆ ಎಷ್ಟು, ದಲಾಲಿ ಎಷ್ಟು, ಹಮಾಲಿ ಎಷ್ಟು, ಕೊಳೆತು ಹೋದದ್ದು ಎಷ್ಟು, ಚಿಲ್ಲರೆ ಅಂಗಡಿಯವನ ಲಾಭ ಎಷ್ಟು ಎಂದು ಕಾಸು ಕಾಸು ಬರೆಯುವುದು. ಕೊನೆಗೆ ತಿನ್ನುವವರು ಕೊಟ್ಟ ಒಂದು ರೂಪಾಯಿಯಲ್ಲಿ ಬೆಳೆದವನಿಗೆ ಎಷ್ಟು ಆಣೆ ಮುಟ್ಟಿತು ಎಂದು ನೋಡುವುದು. ನಾನು ಬಸ್ಸಿನಲ್ಲಿ ಕೂತು ಬಗೆಹರಿಸಲಾರದೆ ಬಿಟ್ಟ ಲೆಕ್ಕವೂ ಇದೇ.

ಆಗಿನ ಪೇಟೆಗಳ ಸ್ಥಿತಿ ನಮ್ಮ ಹಿರಿಯರಿಗೆ ನೆನಪಿದ್ದೀತು. ಅರಿವೆ ಮುಚ್ಚಿ ಒಳಗೆ ಬೆರಳು ಹಿಡಿದು ದರ ಮುರಿಯುತ್ತಿದ್ದರು. ಮಾಲು ಯಾರದೋ ಅವನಿಗೇ ದರ ಗೊತ್ತಾಗುತ್ತಿರಲಿಲ್ಲ. ತೂಕದಲ್ಲಿ ಕಡತ, ಸ್ಯಾಂಪಲ್ಲಿಗೆ ಒಂದು ಹಿಡಿ, ಧರ್ಮಕ್ಕೆ ಒಂದು ಹಿಡಿ. 1928ರಲ್ಲಿ ಕೃಷಿಯ ರಾಯಲ್ ಕಮಿಷನ್ ಇಂಥ ರೂಢಿಗಳನ್ನು ನೋಡಿಯೇ ಕಾಯದೆಯ ಪೇಟೆಗಳು ಬೇಕೆಂದು ಶಿಫಾರಸು ಮಾಡಿತು. ಮುಂಬಯಿ ಇಲಾಖೆಯಲ್ಲಿ 1927ರಲ್ಲಿ ಹತ್ತಿ ಪೇಟೆಯ ಕಾಯದೆ, 1939ರಲ್ಲಿ ಕೃಷಿ ಉತ್ಪನ್ನ ಪೇಟೆಯ ಕಾಯದೆ ಬಂದವು. ಆಗ ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳೂ ಮುಂಬಯಿ ಇಲಾಖೆಯಲ್ಲೇ ಇದ್ದುದರಿಂದ ಈ ಕಾಯದೆಗಳು ನಮ್ಮ ಹಿರಿಯರಿಗೂ ಸಂಬಂಧಪಟ್ಟವು.

1935ರಲ್ಲಿ ಗಾಡ್ಗೀಳರು ಮುಂಬಯಿ ಇಲಾಖೆಯ ಆರು ಜಿಲ್ಲೆಗಳಲ್ಲಿ ಮೋಟಾರು ಬಸ್ಸುಗಳ ಸಮೀಕ್ಷೆ ಪ್ರಕಟಿಸಿದರು. ಅರ್ಥಶಾಸ್ತ್ರಕ್ಕೂ ಬಸ್ಸಿಗೂ ಏನು ಸಂಬಂಧ ಎಂದು ಕೇಳಬಹುದು. ಹಳ್ಳಿಗೆ ಬಸ್ಸು ಬಂತೆಂದರೆ ರೈತ ತಾಲೂಕು ಪೇಟೆಗೆ ಹೋಗಿ ದರ ತಿಳಿದುಕೊಂಡು ಸಂಜೆಗೆ ಮನೆಗೆ ಬರುತ್ತಾನೆ. ಬಸ್ಸು ಇಲ್ಲದ ಊರಲ್ಲಿ ಮನೆ ಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ್ದೇ ದರ. ಆದ್ದರಿಂದ ಪೇಟೆ ಎಷ್ಟು ಮೈಲಿ ದೂರ ಎಂಬುದಕ್ಕಿಂತ ಅಲ್ಲಿಗೆ ಹೋಗಿ ಬರಲು ಎಷ್ಟು ಹೊತ್ತು, ಎಷ್ಟು ಖರ್ಚು ಎಂಬುದೇ ಮುಖ್ಯ.

1940ರಲ್ಲಿ ಸಾತಾರಾ ಜಿಲ್ಲೆಯ ವಾಯಿ ತಾಲೂಕಿನ ಒಕ್ಕಲುತನದ ಆದಾಯ ವೆಚ್ಚದ ಸಮೀಕ್ಷೆ ಬಂತು. 1948ರಲ್ಲಿ ಗೋದಾವರಿ ಮತ್ತು ಪ್ರವರಾ ಕಾಲುವೆಗಳಿಂದ ಆದ ಲಾಭದ ಸಮೀಕ್ಷೆ ಬಂತು. ನೀರು ಬಂದ ಹೊಲದಲ್ಲಿ ಮಾತ್ರವಲ್ಲ, ಅದರಿಂದ ಕೂಲಿಯವರಿಗೆ, ಗಾಡಿಯವರಿಗೆ, ಪೇಟೆಗೆ ಏನಾಯಿತು ಎಂದೂ ಅದರಲ್ಲಿ ವಿಚಾರ ಮಾಡಿದ್ದರು.

ಪ್ರವರಾ ಕಾರ್ಖಾನೆ

ಲೆಕ್ಕ ಬರೆದು ಪುಸ್ತಕ ಮಾಡಿ ಕಪಾಟಿನಲ್ಲಿ ಇಟ್ಟಿದ್ದರೆ ನಾನು ಇವರ ಬಗ್ಗೆ ಬರೆಯುತ್ತಿರಲಿಲ್ಲ. ಅಹಮದನಗರ ಜಿಲ್ಲೆಯ ಕಾಲುವೆ ಕೆಳಗಿನ ರೈತರು ಕಬ್ಬು ಬೆಳೆದು ಬೆಲ್ಲ ಮಾಡುತ್ತಿದ್ದರು. ಬೆಲ್ಲದ ದರ ಒಂದು ವರ್ಷ ಏರಿದರೆ ಮರುವರ್ಷ ಬಿದ್ದು ಸಾಲ ಹೆಗಲೇರುತ್ತಿತ್ತು. ಖಾಸಗಿ ಸಕ್ಕರೆ ಕಂಪನಿಗಳು ಜಮೀನು ಲಾವಣಿ ಹಿಡಿದು ತಾವೇ ಕಬ್ಬು ಬೆಳೆಯುತ್ತಿದ್ದವು. ಕಾಲುವೆ ನೀರು ಇದ್ದರೂ ರೈತನಿಗೆ ಒಳ್ಳೆಯ ಪೇಟೆ ಇರಲಿಲ್ಲ.

1945ರಲ್ಲಿ ಅಲ್ಲಿನ ತೋಟಿಗರ ಸಮ್ಮೇಳನ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ನಡೆಯಿತು. ರೈತರೇ ಕೂಡಿ ಸಕ್ಕರೆ ಕಾರ್ಖಾನೆ ಹಾಕಬೇಕು ಎಂಬ ವಿಚಾರ ಅಲ್ಲಿ ಮುಂದೆ ಬಂತು. ಲೋಣಿ ಊರಿನ ವಿಠ್ಠಲರಾವ್ ವಿಖೆ ಪಾಟೀಲರು ಹೆಚ್ಚು ಶಾಲೆ ಕಲಿತವರಲ್ಲ. ಆದರೆ ಹಳ್ಳಿ ಹಳ್ಳಿ ತಿರುಗಿ ರೈತರಿಂದ ಶೇರು ಕೂಡಿಸಿದರು. ರೈತರ ಕೈಯಲ್ಲಿ ಕಾರ್ಖಾನೆ ನಡೆದೀತೇ ಎಂದು ಅನುಮಾನ ಪಟ್ಟವರೇ ಬಹಳ. ಗಾಡ್ಗೀಳರು ಲೆಕ್ಕಪತ್ರ, ಕಾಯದೆ, ಸರಕಾರದ ಜೊತೆಗಿನ ವ್ಯವಹಾರ ನೋಡಿಕೊಂಡರು. ಆಗ ಮುಂಬಯಿ ಸರಕಾರದ ಹಣಕಾಸು ಮಂತ್ರಿಯಾಗಿದ್ದ ವೈಕುಂಠಭಾಯಿ ಮೆಹ್ತಾ ಅವರ ನೆರವೂ ಸಿಕ್ಕಿತು. 1950ರ ಕೊನೆಗೆ ಕಾರ್ಖಾನೆ ಕಬ್ಬು ನುರಿಯಲು ಶುರು ಮಾಡಿತು. ಮಹಾರಾಷ್ಟ್ರದ ಮೊದಲ ಸಹಕಾರಿ ಸಕ್ಕರೆ ಕಾರ್ಖಾನೆ ಅದು. ಗಾಡ್ಗೀಳರು ಅಧ್ಯಕ್ಷರು, ವಿಖೆ ಪಾಟೀಲರು ಉಪಾಧ್ಯಕ್ಷರು. ಸುಮಾರು ಹತ್ತು ವರ್ಷ ಗಾಡ್ಗೀಳರು ಆ ಜವಾಬ್ದಾರಿ ಹೊತ್ತರು. ಓದಿದವರು ಮತ್ತು ಒಕ್ಕಲಿಗರು ಒಂದೇ ಜಮಖಾನದ ಮೇಲೆ ಕೂತು ಕೆಲಸ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಆರು ನೂರು ಹಳ್ಳಿಗಳ ಲೆಕ್ಕ

ಗಾಡ್ಗೀಳರ ಕೆಲಸದಲ್ಲಿ ನಮ್ಮಂಥ ಸಂಘಗಳಿಗೆ ನೇರವಾಗಿ ಮುಟ್ಟಿದ್ದು ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ. ಇದಕ್ಕೂ ಮೊದಲು 1944-45ರಲ್ಲಿ ಕೃಷಿ ಹಣಕಾಸಿನ ಉಪಸಮಿತಿಗೆ ಅವರು ಅಧ್ಯಕ್ಷರಾಗಿದ್ದರು. 1951ರಲ್ಲಿ ರಿಜರ್ವ್ ಬ್ಯಾಂಕು ಎ.ಡಿ. ಗೋರ್ವಾಲಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿತು. ಗಾಡ್ಗೀಳರು ಅದರ ಸದಸ್ಯರು.

ದೇಶದ 75 ಜಿಲ್ಲೆ ಆರಿಸಿ, ಜಿಲ್ಲೆಗೆ 8ರಂತೆ 600 ಹಳ್ಳಿ ತೆಗೆದುಕೊಂಡರು. ಅನುಕೂಲದ ಹಳ್ಳಿ, ರಸ್ತೆ ಪಕ್ಕದ ಹಳ್ಳಿ ಎಂದು ಆರಿಸಲಿಲ್ಲ, ಚೀಟಿ ಎತ್ತಿದ ಹಾಗೆ ಆರಿಸಿದರು. ಸಂಘ ಇದ್ದ ಹಳ್ಳಿಗಳೂ ಇದ್ದವು, ಇಲ್ಲದ ಹಳ್ಳಿಗಳೂ ಇದ್ದವು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗಲೇ ಸಂಘದಿಂದ ಏನು ಫರಕು ಬಿತ್ತು ಎಂದು ಗೊತ್ತಾಗುವುದು. ಒಟ್ಟು 1,27,343 ಕುಟುಂಬಗಳ ಮಾಹಿತಿ ಕೂಡಿಸಿದರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದೇನು ಸಣ್ಣ ಕೆಲಸವಲ್ಲ.

1954ರಲ್ಲಿ ವರದಿ ಬಂದಾಗ ಎಲ್ಲರ ಕಣ್ಣು ತೆರೆಯಿತು. ರೈತ ತಂದ ಪ್ರತಿ ನೂರು ರೂಪಾಯಿ ಸಾಲದಲ್ಲಿ ಸಹಕಾರಿ ಸಂಘಗಳು ಕೊಟ್ಟದ್ದು ಬರೀ 3 ರೂಪಾಯಿ ಚಿಲ್ಲರೆ. ಸರಕಾರದ್ದೂ ಅಷ್ಟೇ. ಬ್ಯಾಂಕುಗಳದ್ದು ಒಂದು ರೂಪಾಯಿಯೂ ಇಲ್ಲ. ಸುಮಾರು 70 ರೂಪಾಯಿ ಬಡ್ಡಿ ಸಾಹುಕಾರರದ್ದು. ವ್ಯಾಪಾರಿ ಮತ್ತು ದಲಾಲರದ್ದು 5 ರೂಪಾಯಿ ಚಿಲ್ಲರೆ. ಸಹಕಾರಿ ಕಾಯದೆ ಬಂದು ಐವತ್ತು ವರ್ಷ ಆದ ಮೇಲೆ ಇದು ಫಲ!

ಕಾರಣವೇನು? 1904ರ ಕಾಯದೆ ಸಾಲದ ಸಂಘಗಳಿಗೆ ಮಾತ್ರ ಇತ್ತು. ಮಾರಾಟದ ಸಂಘಗಳಿಗೆ 1912ರ ಕಾಯದೆಯಲ್ಲಿ ಜಾಗ ಸಿಕ್ಕರೂ ಅವು ಬಹಳ ಬೆಳೆಯಲಿಲ್ಲ. ಸಂಘ ಸಾಲ ಕೊಡುತ್ತಿತ್ತು, ಮಾಲು ಮಾತ್ರ ಸಾಹುಕಾರನ ಅಂಗಡಿಗೇ ಹೋಗುತ್ತಿತ್ತು. ಒಂದು ಕೈಯಲ್ಲಿ ಕೊಟ್ಟದ್ದು ಇನ್ನೊಂದು ಕೈಯಲ್ಲಿ ಹೋದ ಹಾಗೆ. ಸಾಹುಕಾರನ ಹತ್ತಿರ ಮದುವೆಗೆ, ಕಾಯಿಲೆಗೆ ಉದ್ರಿ ತಂದವನು ಬೆಳೆ ಬಂದ ಕೂಡಲೇ ಅವನು ಹೇಳಿದ ದರಕ್ಕೆ ಅವನಿಗೇ ಅಳೆಯಬೇಕು. ರಸ್ತೆ ಇದ್ದರೂ, ಪೇಟೆ ಹತ್ತಿರ ಇದ್ದರೂ ಅವನಿಗೆ ಪೇಟೆ ಇಲ್ಲ. ಋಣವೇ ಅವನ ದಾರಿಗೆ ಅಡ್ಡ ಬೇಲಿ.

ಅದಕ್ಕೆ ಸಮಿತಿ ಹೇಳಿದ ಉಪಾಯ ಸಾಲ, ಮಾರಾಟ, ದಾಸ್ತಾನು, ಸಂಸ್ಕರಣೆ ನಾಲ್ಕನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು. ಸಾಲವನ್ನು ಜಮೀನಿನ ಬೆಲೆ ನೋಡಿ ಕೊಡುವುದಕ್ಕಿಂತ ಬೆಳೆ ನೋಡಿ ಕೊಡಬೇಕು. ಬೆಳೆ ಬಂದ ಮೇಲೆ ಸಹಕಾರಿ ಮಾರಾಟ ಸಂಘದ ಮೂಲಕ ಮಾರಿ ಅಲ್ಲೇ ಸಾಲ ಮುರಿಯಬೇಕು. ದರ ಬಿದ್ದಾಗ ಮಾಲು ಇಡಲು ಗೋದಾಮು ಇರಬೇಕು. ಸಂಘಗಳ ಶೇರಿನಲ್ಲಿ ಸರಕಾರವೂ ಪಾಲು ಹಾಕಬೇಕು. ಇಂದು ನಾವು ಸಹಜವಾಗಿ ತೆಗೆದುಕೊಳ್ಳುವ ಬೆಳೆಸಾಲ ದೇಶದ ತುಂಬ ಹರಡಿದ್ದು ಈ ವರದಿಯ ನಂತರ. ಇಂಪೀರಿಯಲ್ ಬ್ಯಾಂಕು 1955ರಲ್ಲಿ ಸ್ಟೇಟ್ ಬ್ಯಾಂಕ್ ಆಗಿದ್ದು, 1957ರಲ್ಲಿ ಕೇಂದ್ರ ಉಗ್ರಾಣ ನಿಗಮ ಆಗಿದ್ದು ಇದೇ ವರದಿಯ ಫಲ.

ಎಲ್ಲವೂ ಅವರು ಎಣಿಸಿದಂತೆ ಆಯಿತು ಎಂದು ನಾನು ಹೇಳುವುದಿಲ್ಲ. ಸರಕಾರದ ಪಾಲು ಬಂದ ಮೇಲೆ ಅಧಿಕಾರಿಗಳ ಕೈ, ರಾಜಕೀಯದವರ ಕೈ ಎರಡೂ ಸಂಘಗಳ ಒಳಗೆ ಬಂದವು. ಸಕ್ಕರೆ ಕಾರ್ಖಾನೆಗಳಲ್ಲಿ ಅನೇಕ ಕಡೆ ದೊಡ್ಡ ರೈತರ ಮಾತೇ ನಡೆಯಿತು, ಸಣ್ಣವರು ಹಿಂದೆ ಉಳಿದರು. ಸಾಲ ಬೆಳೆಯಿತು, ಆದರೆ ಮಾರಾಟದ ಜೋಡಣೆ ಬಹಳ ಕಡೆ ಕಾಗದದ ಮೇಲೆ ಉಳಿಯಿತು. ನಮ್ಮ ಸಂಘದಲ್ಲೂ ಅದೇ ಆಗಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ಕೊನೆಯ ವರ್ಷಗಳು

1966ರಲ್ಲಿ ಗಾಡ್ಗೀಳರು ಪುಣೆ ವಿಶ್ವವಿದ್ಯಾಲಯದ ಕುಲಪತಿಗಳಾದರು. 1967ರಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷರಾಗಿ ದೆಹಲಿಗೆ ಹೋದರು. ಕೇಂದ್ರದ ಹಣ ರಾಜ್ಯಗಳಿಗೆ ಹೇಗೆ ಹಂಚಬೇಕು ಎಂಬುದಕ್ಕೆ ಅವರು ಹಾಕಿಕೊಟ್ಟ ಸೂತ್ರ ಗಾಡ್ಗೀಳ ಸೂತ್ರ ಎಂದೇ ಹೆಸರಾಯಿತು. ಅದರಲ್ಲಿ ನೂರಕ್ಕೆ 60 ಭಾಗ ಜನಸಂಖ್ಯೆ ನೋಡಿ ಕೊಡುವುದು. ಅದಕ್ಕೂ ಮೊದಲು ಯಾವ ರಾಜ್ಯಕ್ಕೆ ಎಷ್ಟು ಎಂಬುದಕ್ಕೆ ಖಚಿತ ನಿಯಮ ಇರಲಿಲ್ಲ. 1969ರಲ್ಲಿ ಅವರ ಅಧ್ಯಕ್ಷತೆಯ ಅಧ್ಯಯನ ತಂಡವು ಒಂದೊಂದು ಪ್ರದೇಶವನ್ನು ಒಂದೊಂದು ಬ್ಯಾಂಕು ನೋಡಿಕೊಳ್ಳಬೇಕೆಂಬ ವಿಚಾರ ಮುಂದಿಟ್ಟಿತು. ಇಂದು ಪ್ರತಿ ಜಿಲ್ಲೆಗೆ ಒಂದು ಲೀಡ್ ಬ್ಯಾಂಕು ಇರುವುದರ ಬೇರು ಅಲ್ಲಿದೆ.

1971ರಲ್ಲಿ ಆ ಹುದ್ದೆ ಬಿಟ್ಟು ಊರಿಗೆ ಹೊರಟರು. ಮೇ 3ರಂದು, ದೆಹಲಿಯಿಂದ ಪುಣೆಗೆ ಮರಳುವ ರೈಲು ಪ್ರಯಾಣದಲ್ಲಿಯೇ ತೀರಿಕೊಂಡರು. ಆಗ ಅವರಿಗೆ ಎಪ್ಪತ್ತು ವರ್ಷ. ಜೀವನವಿಡೀ ದಾರಿಯ ಲೆಕ್ಕ ಬರೆದವರ ಕೊನೆಯೂ ದಾರಿಯಲ್ಲೇ ಆಯಿತು.

ಅವರ ನಂತರದ ಲೆಕ್ಕ

ಅವರು ಕೇಳಿದ ಪ್ರಶ್ನೆ ಈಗಲೂ ಮುಗಿದಿಲ್ಲ. ಈಗಿನ ಅರ್ಥಶಾಸ್ತ್ರಜ್ಞರು ಒಂದೇ ಮಾಲಿಗೆ ಒಂದೇ ದಿನ ಎರಡು ಪೇಟೆಯಲ್ಲಿ ಎಷ್ಟು ದರ ಇತ್ತು ಎಂದು ಹೋಲಿಸುತ್ತಾರೆ. ಎರಡರ ಫರಕು ಸಾಗಾಣಿಕೆ ಖರ್ಚಿಗಿಂತ ಬಹಳ ಹೆಚ್ಚಿದ್ದರೆ ನಡುವೆ ಎಲ್ಲೋ ಅಡ್ಡಿ ಇದೆ ಎಂದು ತಿಳಿಯುತ್ತಾರೆ. ಕೇರಳದ ಉತ್ತರ ಕರಾವಳಿಯಲ್ಲಿ 1997ರಿಂದ 2001ರ ನಡುವೆ ಮೊಬೈಲ್ ಬಂದಾಗ ಹೀಗೆ ಅಭ್ಯಾಸ ಮಾಡಿದರು. ಅದಕ್ಕೆ ಮೊದಲು ಒಂದು ದಂಡೆಯಲ್ಲಿ ಕೊಳ್ಳುವವರಿಲ್ಲದೆ ಮೀನು ಚೆಲ್ಲುತ್ತಿದ್ದರು, ಸ್ವಲ್ಪ ದೂರದ ಇನ್ನೊಂದು ದಂಡೆಯಲ್ಲಿ ಮೀನು ಸಿಗದೆ ಜನ ಹೋಗುತ್ತಿದ್ದರು. ಫೋನು ಬಂದ ಮೇಲೆ ದರಗಳು ಸಮ ಆದವು, ಚೆಲ್ಲುವುದು ನಿಂತಿತು.

2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳ ಮೇಲೆ 2020ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ರಸ್ತೆ ಬಂದ ಹಳ್ಳಿಗಳಲ್ಲಿ ಜನ ಹೊಲ ಬಿಟ್ಟು ಬೇರೆ ಕೆಲಸಕ್ಕೆ ಹೋಗುವುದು ಹೆಚ್ಚಾಯಿತು, ಆದರೆ ಒಕ್ಕಲುತನದ ಆದಾಯ ಬಹಳ ಏರಲಿಲ್ಲ ಎಂದು ಅದು ಹೇಳುತ್ತದೆ. ನಮ್ಮ ರಾಜ್ಯದಲ್ಲಿ 2014ರಿಂದ ಎ.ಪಿ.ಎಂ.ಸಿ.ಗಳಲ್ಲಿ ಕಂಪ್ಯೂಟರ್ ಮೇಲೆ ಟೆಂಡರ್ ಹಾಕುವ ಏಕೀಕೃತ ವ್ಯವಸ್ಥೆ ಬಂದ ನಂತರ ಭತ್ತ, ಶೇಂಗಾ, ಗೋವಿನಜೋಳದ ದರ ಸ್ವಲ್ಪ ಮಟ್ಟಿಗೆ ಏರಿದ್ದನ್ನೂ ಅಭ್ಯಾಸ ಮಾಡಿದವರು ತೋರಿಸಿದ್ದಾರೆ. ರಸ್ತೆ ಒಂದೇ ಸಾಲದು, ಫೋನು ಒಂದೇ ಸಾಲದು. ಗಾಡ್ಗೀಳರ ಸಮಿತಿ 1954ರಲ್ಲಿ ಹೇಳಿದ ಹಗ್ಗ ಇನ್ನೂ ಬೇಕು.

ನಮ್ಮ ಸಂಘದ ಮಾತು

ಸದಸ್ಯ ಬಾಂಧವರೇ, ಹೋದ ವರ್ಷದ ಸರ್ವಸಾಧಾರಣ ಸಭೆಯಲ್ಲಿ ಆದ ಗದ್ದಲ ನಿಮಗೆಲ್ಲ ನೆನಪಿದೆ. ಸಂಘದ ಗೋದಾಮಿನಲ್ಲಿ ಗೋವಿನಜೋಳ ಮತ್ತು ಉಳ್ಳಾಗಡ್ಡಿ ಕೂಡಿಸಿ, ಹಸನು ಮಾಡಿ, ಒಟ್ಟಿಗೆ ಮಾರೋಣ ಎಂಬ ಠರಾವು ಬಂತು. ಮೊದಲು ನೀವು ನಿರ್ದೇಶಕರು ಹಾಕಿ ತೋರಿಸಿರಿ ಎಂದು ಹಿಂದಿನ ಸಾಲಿನಿಂದ ಕೂಗಿದರು. ಠರಾವು ಮುಂದಕ್ಕೆ ಹೋಯಿತು.

ಕೂಗಿದವರ ಮಾತು ಸರಿಯಾಗಿತ್ತು. ನಾನೇ ಆ ವರ್ಷ ನನ್ನ ಗೋವಿನಜೋಳ ಹೊರಗೆ ಅಡತಿ ಅಂಗಡಿಗೆ ಹಾಕಿದ್ದೆ. ಮಗಳ ಮದುವೆಗೆ ಅಲ್ಲಿಂದ ಮುಂಗಡ ತಂದಿದ್ದೆ. ಸಂಘದಿಂದ ಬೆಳೆಸಾಲ, ಅಂಗಡಿಯಿಂದ ಉದ್ರಿ, ಮಾಲು ಅಂಗಡಿಗೆ. 1951ರಲ್ಲಿ ಆ ಆರು ನೂರು ಹಳ್ಳಿಗಳಲ್ಲಿ ಕಂಡದ್ದು ನಮ್ಮ ಊರಲ್ಲಿ, ನನ್ನ ಮನೆಯಲ್ಲಿಯೇ ಇತ್ತು. ಇದನ್ನು ಬರೆಯಲು ನಾಚಿಕೆ ಆಗುತ್ತದೆ, ಆದರೂ ಬರೆದೆ. ಈ ಸುಗ್ಗಿಗೆ ಆ ಬಾಕಿ ತೀರಿಸಿದ್ದೇನೆ.

ಮೊದಲು ನಾವೂ ಗಾಡ್ಗೀಳರ ಹಾಗೆ ಲೆಕ್ಕ ಬರೆಯೋಣ. ಪ್ರತಿಯೊಬ್ಬ ಸದಸ್ಯ ತನ್ನ ಪಟ್ಟಿ ಹರಿದು ಒಗೆಯದೆ ಅದರ ನಕಲು ಸಂಘಕ್ಕೆ ತಂದು ಕೊಡಲಿ. ಯಾವ ಪೇಟೆಯಲ್ಲಿ ಯಾವ ದಿನ ಎಷ್ಟು ದರ, ಬಾಡಿಗೆ ಎಷ್ಟು, ಹಮಾಲಿ ಎಷ್ಟು, ಮುರಿದದ್ದು ಎಷ್ಟು ಎಂದು ನಮ್ಮ ಕಾರ್ಯದರ್ಶಿಯವರು ಒಂದು ವಹಿಯಲ್ಲಿ ಬರೆದಿಡಲಿ. ಒಂದು ವರ್ಷದ ಲೆಕ್ಕ ಕಣ್ಣ ಮುಂದೆ ಇದ್ದರೆ ಕೂಗಾಡುವ ಪ್ರಮೇಯ ಬರುವುದಿಲ್ಲ. ಕೂಡಿ ಮಾರುವುದರಿಂದ ಲಾಭ ಇಲ್ಲವೆಂದು ಆ ಲೆಕ್ಕ ಹೇಳಿದರೆ ಅದನ್ನೂ ಒಪ್ಪೋಣ.

ಠರಾವು ಈ ವರ್ಷದ ಸಭೆಗೆ ಮತ್ತೆ ಬರಲಿದೆ. ಬರುವ ಹಂಗಾಮಿಗೆ ನನ್ನ ಗೋವಿನಜೋಳದ ಮೊದಲ ಚಕ್ಕಡಿ ಸಂಘದ ಗೋದಾಮಿಗೆ ಹೊಡೆಯುತ್ತೇನೆ. ಹಿಂದಿನ ಸಾಲಿನವರು ಬಂದು ನೋಡಲಿ, ಮನಸ್ಸಿಗೆ ಬಂದರೆ ತಮ್ಮ ಚಕ್ಕಡಿಯನ್ನೂ ತರಲಿ. ಗಾಡ್ಗೀಳರಂಥ ಹಿರಿಯರಿಗೆ ನಮ್ಮ ಊರಿನ ನಮಸ್ಕಾರ ಅದೇ ಆಗಲಿ ಎಂದು ಹೇಳಿ ನನ್ನ ನಾಲ್ಕು ಮಾತು ಮುಗಿಸುತ್ತೇನೆ.

ಜೈ ಸಹಕಾರ.